ಇಟಲಿಯ ಬೆಟ್ಟದೂರುಗಳು ಮತ್ತು ಪಾಳು ನಗರಗಳು: ಇಬ್ಬರೇ ನಿಧಾನವಾಗಿ ಸುತ್ತುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಗಂಡ ಹೆಂಡತಿ ಇಟಲಿಗೆ ಹೋಗಿಬಂದಾಗಲೆಲ್ಲ ನೆಂಟರು, ಸ್ನೇಹಿತರು, ಅವರ ಸ್ನೇಹಿತರು ಫೋನ್ ಮಾಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಲ್ಲಕ್ಕೂ ಒಂದೇ ಕಡೆ ಉತ್ತರ ಬರೆದಿಡೋಣ ಅನ್ನಿಸಿತು. ಇವರು ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಹಳೆಯ ಗೋಡೆ, ಚರಂಡಿ, ಸೇತುವೆ ಕಂಡರೆ ಅಲ್ಲೇ ನಿಂತುಬಿಡುತ್ತಾರೆ. ನನಗೆ ಊರು ಬೇಕು, ಸಂತೆ ಬೇಕು, ಸಂಜೆ ಹೊತ್ತು ಜನ ಓಡಾಡುವುದನ್ನು ನೋಡಬೇಕು. ಇಬ್ಬರಿಗೂ ಬೇಕಾದ್ದು ಇಟಲಿಯ ನಡುಭಾಗದಲ್ಲಿ, ದಕ್ಷಿಣದಲ್ಲಿ ಧಾರಾಳವಾಗಿ ಸಿಗುತ್ತದೆ.

ರೋಮ್, ಫ್ಲಾರೆನ್ಸ್, ವೆನಿಸ್ ಬಿಟ್ಟು ಈ ಸಣ್ಣ ಊರುಗಳಿಗೆ ಯಾಕೆ ಹೋಗಬೇಕು?

ಬಿಡಲೇಬೇಕು ಅಂತೇನಿಲ್ಲ. ಅಷ್ಟು ದೂರ ಹೋಗಿ ರೋಮ್ ನೋಡದೆ ಬಂದರೆ ಮನಸ್ಸಿಗೆ ಸಮಾಧಾನ ಇರುವುದಿಲ್ಲ. ಆದರೆ ದೊಡ್ಡ ಊರುಗಳಲ್ಲಿ ಅರ್ಧ ಹೊತ್ತು ಕ್ಯೂನಲ್ಲೇ ಹೋಗುತ್ತದೆ. ಸಣ್ಣ ಊರಿನಲ್ಲಿ ಎರಡನೇ ಬೆಳಿಗ್ಗೆ ಹೋದರೆ ಕಾಫಿ ಅಂಗಡಿಯವರು ಗುರುತು ಹಿಡಿಯುತ್ತಾರೆ. ಮೂರನೇ ಬೆಳಿಗ್ಗೆ ಏನು ಬೇಕು ಅಂತ ಕೇಳುವುದೂ ಇಲ್ಲ, ಲೋಟ ಮುಂದೆ ಬಂದಿರುತ್ತದೆ. ಅದು ನನಗೆ ದೊಡ್ಡ ಸಂತೋಷ.

ಇಷ್ಟೊಂದು ಊರುಗಳು ಬೆಟ್ಟದ ನೆತ್ತಿಯ ಮೇಲೇ ಯಾಕಿವೆ?

ಮೊದಲ ಕಾರಣ ರಕ್ಷಣೆ. ದೂರದಲ್ಲಿ ಬರುವವರು ಕಾಣಬೇಕು, ಹತ್ತಿ ಬರುವುದು ಅವರಿಗೆ ಕಷ್ಟವಾಗಬೇಕು. ಎರಡನೆಯದನ್ನು ತುಂಬಾ ಜನ ಮರೆಯುತ್ತಾರೆ: ಮಲೇರಿಯಾ. ಕಣಿವೆಗಳಲ್ಲಿ, ಕರಾವಳಿಯ ಬಯಲಿನಲ್ಲಿ ನೀರು ನಿಂತು ಜೌಗು ಆಗುತ್ತಿತ್ತು. ಟಸ್ಕನಿ ಪ್ರಾಂತ್ಯದ ಮರೆಮ್ಮಾ ಬಯಲು ಇಪ್ಪತ್ತನೇ ಶತಮಾನದವರೆಗೂ ಈ ಜ್ವರಕ್ಕೆ ಕುಖ್ಯಾತವಾಗಿತ್ತು. ದಕ್ಷಿಣದ ಪೇಸ್ಟುಮ್ ಇದಕ್ಕೆ ಒಳ್ಳೆಯ ಉದಾಹರಣೆ. ಕ್ರಿಸ್ತಪೂರ್ವ 600ರ ಸುಮಾರಿಗೆ ಗ್ರೀಕರು ಕಟ್ಟಿದ, ಬಯಲಿನಲ್ಲಿದ್ದ ಶ್ರೀಮಂತ ನಗರ ಅದು. ಜೌಗು, ಜ್ವರ, ಸಮುದ್ರದಿಂದ ಬರುವ ದಾಳಿಕೋರರು ಎಲ್ಲ ಸೇರಿ ಜನ ಕೊನೆಗೆ ಪಕ್ಕದ ಬೆಟ್ಟದ ಮೇಲಿನ ಕಪಾಚೊಗೆ ಹೋಗಿ ನೆಲೆಸಿದರು. ಕೆಳಗೆ ಪಾಳು ನಗರ, ಮೇಲೆ ಬೆಟ್ಟದೂರು. ಎರಡೂ ಒಂದೇ ಕಥೆಯ ಭಾಗ. ಹಾಗಾಗಿಯೇ ನಾವು ಇವೆರಡನ್ನೂ ಸೇರಿಸಿಯೇ ನೋಡುತ್ತೇವೆ.

ಮೊದಲ ಸಲ ಹೋಗುವವರು ಎಲ್ಲಿಂದ ಶುರು ಮಾಡಬೇಕು?

ಯಾರು ಕೇಳಿದರೂ ನನ್ನ ಉತ್ತರ ಓರ್ವಿಯೆಟೊ. ಕಾರು ಬೇಡ. ರೋಮಿನಿಂದ ರೈಲಿನಲ್ಲಿ ಒಂದು ಗಂಟೆ, ಒಂದೂಕಾಲು ಗಂಟೆ. ಸ್ಟೇಷನ್ ಎದುರಿಗೇ ಕೇಬಲ್ಲಿನಿಂದ ಎಳೆಯುವ ಪುಟ್ಟ ರೈಲು ನಿಂತಿರುತ್ತದೆ. ಕೆಲವೇ ನಿಮಿಷದಲ್ಲಿ ಬೆಟ್ಟದ ಮೇಲಿರುತ್ತೀರಿ.

ಊರು ಪೂರ್ತಿ ಕೂತಿರುವುದು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಬಂಡೆಯ ಮೇಲೆ. ಈ ಕಲ್ಲು ಮೆದು, ಉಳಿಯಲ್ಲಿ ಸುಲಭವಾಗಿ ಕೊರೆಯಬಹುದು. ಜನ ಎರಡೂವರೆ ಸಾವಿರ ವರ್ಷಗಳಿಂದ ಕೊರೆಯುತ್ತಲೇ ಬಂದಿದ್ದಾರೆ. ಊರಿನ ಕೆಳಗೆ ಸುಮಾರು 1200 ಗುಹೆಗಳಿವೆ. ಬಾವಿಗಳು, ಉಗ್ರಾಣಗಳು, ಆಲಿವ್ ಎಣ್ಣೆಯ ಗಾಣ, ಪಾರಿವಾಳ ಸಾಕಲು ಗೋಡೆಯಲ್ಲಿ ಸಾಲಾಗಿ ಕೊರೆದ ಗೂಡುಗಳು. ಗೈಡ್ ಜೊತೆಗೆ ಒಂದು ಭಾಗ ನೋಡಬಹುದು.

ಆಮೇಲೆ ಸಂತ ಪ್ಯಾಟ್ರಿಕ್ಕನ ಬಾವಿ. 1527ರಲ್ಲಿ ಸೈನಿಕರು ರೋಮನ್ನು ಲೂಟಿ ಮಾಡಿದರು. ಪೋಪ್ ಏಳನೇ ಕ್ಲೆಮೆಂಟ್ ತಪ್ಪಿಸಿಕೊಂಡು ಓರ್ವಿಯೆಟೊಗೆ ಬಂದ. ಊರಿಗೆ ಮುತ್ತಿಗೆ ಬಿದ್ದರೆ ನೀರಿಗೆ ಏನು ಗತಿ ಅಂತ ಯೋಚಿಸಿ ಬಾವಿ ತೋಡಿಸಿದ. ವಾಸ್ತುಶಿಲ್ಪಿ ಆಂಟೊನಿಯೊ ದ ಸಂಗಾಲ್ಲೊ ಕಿರಿಯ. ಆಳ ಸುಮಾರು 53 ಮೀಟರ್, ಅಗಲ 13 ಮೀಟರ್. ಬಾವಿಯ ಸುತ್ತ ಸುರುಳಿಯಾಗಿ ಎರಡು ದಾರಿಗಳಿವೆ, ಒಂದೊಂದಕ್ಕೂ 248 ಮೆಟ್ಟಿಲು. ಒಂದು ಇಳಿಯುವುದಕ್ಕೆ, ಇನ್ನೊಂದು ಹತ್ತುವುದಕ್ಕೆ. ಎರಡೂ ಎಲ್ಲೂ ಕೂಡುವುದಿಲ್ಲ. ನೀರು ಹೊರುವ ಕತ್ತೆಗಳು ಎದುರು ಬದುರಾಗಿ ಸಿಕ್ಕಿಹಾಕಿಕೊಳ್ಳಬಾರದು ಅಂತ ಈ ಯೋಚನೆ. ಮೆಟ್ಟಿಲುಗಳೂ ಅದಕ್ಕೇ ಅಗಲವಾಗಿ, ತಗ್ಗಾಗಿವೆ. ಬಾವಿ ಮುಗಿದದ್ದು 1537ರಲ್ಲಿ, ಪೋಪ್ ತೀರಿಕೊಂಡ ಮೇಲೆ. ಇವರು ತಳದ ಸೇತುವೆಯ ಮೇಲೆ ನಿಂತು ಕತ್ತೆತ್ತಿ ನೋಡುತ್ತಾ ಎಷ್ಟು ಹೊತ್ತಾದರೂ ಅಲ್ಲಾಡಲಿಲ್ಲ.

ಕಥೀಡ್ರಲ್ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. 1290ರಲ್ಲಿ ಶುರುವಾಯಿತು. ಗೋಡೆಗಳು ಕಪ್ಪು ಮತ್ತು ಬಿಳುಪು ಕಲ್ಲಿನ ಪಟ್ಟೆ ಪಟ್ಟೆ. ಮುಂಭಾಗ ಪಡುವಣಕ್ಕೆ ಮುಖ ಮಾಡಿದೆ, ಮೊಸಾಯಿಕ್ ತುಂಬಾ ಚಿನ್ನದ ಬಣ್ಣ. ಮಧ್ಯಾಹ್ನದ ಕೊನೆಗೆ ಅದರ ಎದುರಿನ ಕಲ್ಲಿನ ಬೆಂಚಿನಲ್ಲಿ ಕೂತಿರಿ. ಒಳಗೆ ಲೂಕಾ ಸಿನ್ಯೊರೆಲ್ಲಿ 1499ರಿಂದ 1504ರವರೆಗೆ ಬರೆದ ಪ್ರಳಯದ ದಿನದ ಚಿತ್ರಗಳಿವೆ. ಸತ್ತವರು ನೆಲ ಸೀಳಿಕೊಂಡು ಮೇಲೇಳುವುದನ್ನು ಅವನು ಬರೆದಿರುವ ರೀತಿ ನೋಡಿದರೆ ಮಾತು ನಿಂತುಹೋಗುತ್ತದೆ.

ರೋಮಿನಿಂದ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬಂದರೆ ಸಾಲದೇ?

ಹೋಗಿಬರಬಹುದು. ಆದರೆ ಬೇಡಿ ಅನ್ನುತ್ತೇನೆ. ಇಡೀ ಬರಹದಲ್ಲಿ ನಾನು ಒತ್ತಿ ಹೇಳುವ ಮಾತು ಇದೊಂದೇ: ಬೆಟ್ಟದೂರಿನಲ್ಲಿ ರಾತ್ರಿ ಉಳಿಯಿರಿ. ಸಾಧ್ಯವಾದರೆ ಒಂದಲ್ಲ, ಎರಡು ಮೂರು ರಾತ್ರಿ.

ಹಗಲು ಹನ್ನೊಂದರಿಂದ ನಾಲ್ಕೂವರೆವರೆಗೆ ಬಸ್ಸುಗಳಲ್ಲಿ ಬಂದ ಜನ ಬೀದಿ ತುಂಬಿರುತ್ತಾರೆ. ಐದರ ಹೊತ್ತಿಗೆ ಅವರೆಲ್ಲ ಇಳಿದು ಹೋಗುತ್ತಾರೆ. ಆಗ ಊರಿನವರು ಹೊರಗೆ ಬರುತ್ತಾರೆ. ಅಜ್ಜಂದಿರು ಚೌಕದಲ್ಲಿ ಬಂದು ಕೂರುತ್ತಾರೆ, ಮಕ್ಕಳು ಚರ್ಚಿನ ಗೋಡೆಗೆ ಚೆಂಡು ಒದೆಯುತ್ತಾರೆ. ಗಂಡ ಹೆಂಡತಿ ಕೈ ಹಿಡಿದುಕೊಂಡು ಅದೇ ಬೀದಿಯಲ್ಲಿ ಮೇಲಕ್ಕೊಮ್ಮೆ ಕೆಳಕ್ಕೊಮ್ಮೆ ನಡೆಯುತ್ತಾರೆ. ಯಾರಿಗೂ ಎಲ್ಲಿಗೂ ಹೋಗುವ ಆತುರ ಇಲ್ಲ. ನಾವೂ ಅವರ ಜೊತೆ ನಡೆಯುತ್ತೇವೆ.

ಸಿಯೆನಾ, ಸಾನ್ ಜಿಮಿನ್ಯಾನೊ ಇಂಥ ಹೆಸರಾದ ಊರುಗಳಿಗೆ ಈ ಮಾತು ಇನ್ನೂ ಜಾಸ್ತಿ ಸಲ್ಲುತ್ತದೆ. ಸಾನ್ ಜಿಮಿನ್ಯಾನೊದಲ್ಲಿ ಹಿಂದೆ ಎಪ್ಪತ್ತಕ್ಕೂ ಹೆಚ್ಚು ಗೋಪುರಗಳಿದ್ದವಂತೆ, ಈಗ ಉಳಿದಿರುವುದು 14. ಮಧ್ಯಾಹ್ನ ಅವನ್ನು ನೋಡಲು ಕತ್ತೆತ್ತಿದರೆ ಹಿಂದಿನವರು ಡಿಕ್ಕಿ ಹೊಡೆಯುತ್ತಾರೆ. ಬೆಳಿಗ್ಗೆ ಏಳಕ್ಕೆ ಎದ್ದು ಹೋದರೆ ನೀವೂ ಕಸ ಗುಡಿಸುವವರೂ ಮಾತ್ರ ಇರುತ್ತೀರಿ.

ಚಿವಿತಾ ದಿ ಬಾನ್ಯೊರೇಜೊ ಫೋಟೋದಲ್ಲಿ ಕಂಡಷ್ಟು ಚೆನ್ನಾಗಿದೆಯೇ?

ಇದೆ. ರೋಮನ್ನರಿಗಿಂತ ಮುಂಚಿನ ಎಟ್ರುಸ್ಕನ್ನರ ಕಾಲದ ಊರು. ಕೆಳಗಿನ ಜೇಡಿಮಣ್ಣು ಸವೆದು ಸವೆದು ಅಂಚಿನಿಂದ ಕುಸಿಯುತ್ತಿದೆ. 1695ರ ಭೂಕಂಪದ ನಂತರ ಜನ ಎದುರಿನ ಬಾನ್ಯೊರೇಜೊಗೆ ಹೋಗತೊಡಗಿದರು. ಈಗ ವರ್ಷವಿಡೀ ಅಲ್ಲೇ ಇರುವವರು ಬೆರಳೆಣಿಕೆಯಷ್ಟು. ಹೋಗಲು ಇರುವುದು 1965ರಲ್ಲಿ ಕಟ್ಟಿದ ಕಾಲುಸೇತುವೆ ಒಂದೇ, ಕೊನೆಗೆ ಏರು ಜೋರಾಗಿದೆ. 2013ರಿಂದ ಪ್ರವೇಶ ಶುಲ್ಕ ತೆಗೆದುಕೊಳ್ಳುತ್ತಾರೆ. ಕೊಡಲು ನನಗೆ ಬೇಸರವಿಲ್ಲ. ಓರ್ವಿಯೆಟೊದಿಂದ ಬಸ್ಸಿದೆ, ಭಾನುವಾರ ಮಾತ್ರ ಅದನ್ನು ನಂಬಿಕೊಳ್ಳಬೇಡಿ.

ಅಸಿಸಿ ಕ್ರೈಸ್ತರಲ್ಲದವರಿಗೂ ಹಿಡಿಸುತ್ತದೆಯೇ?

ನಮಗಂತೂ ಹಿಡಿಸಿತು. ಇದು ಸಂತ ಫ್ರಾನ್ಸಿಸ್‌ನ ಊರು. ಅವನು ತೀರಿಕೊಂಡಿದ್ದು 1226ರಲ್ಲಿ. ಎರಡೇ ವರ್ಷಕ್ಕೆ ಅವನ ಹೆಸರಿನ ದೊಡ್ಡ ಚರ್ಚು, ಅಂದರೆ ಬಸಿಲಿಕಾ, ಕಟ್ಟಲು ಶುರು ಮಾಡಿದರು. ಒಂದರ ಮೇಲೊಂದು ಎರಡು ಚರ್ಚು, ಅದರ ಕೆಳಗೆ ಸಮಾಧಿ. ಮೇಲಿನ ಚರ್ಚಿನ ಗೋಡೆಗಳಲ್ಲಿ ಫ್ರಾನ್ಸಿಸ್ ಬದುಕಿನ 28 ಚಿತ್ರಗಳಿವೆ. ಚಿತ್ರಕಾರ ಜೊತ್ತೊ ಬರೆದದ್ದು ಅಂತ ಬಹಳ ಕಾಲದಿಂದ ನಂಬಿಕೆ, ಪಂಡಿತರು ಇನ್ನೂ ಅದರ ಬಗ್ಗೆ ಜಗಳವಾಡುತ್ತಾರೆ. ಹಕ್ಕಿಗಳಿಗೆ ಉಪದೇಶ ಮಾಡುವ ಚಿತ್ರದ ಮುಂದೆ ನಾನು ತುಂಬಾ ಹೊತ್ತು ನಿಂತಿದ್ದೆ. ಆ ಮನುಷ್ಯ ಬಾಗಿ ನಿಂತಿರುವ ಭಂಗಿಯಲ್ಲೇ ಎಷ್ಟು ಅಕ್ಕರೆ ಇದೆ!

1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಮೇಲಿನ ಚರ್ಚಿನ ಚಾವಣಿ ಬಿದ್ದು ನಾಲ್ವರು ಸತ್ತರು. ಚಿತ್ರಗಳು ಸಾವಿರಾರು ಚೂರಾದವು. ಆ ಚೂರುಗಳನ್ನು ಆರಿಸಿ, ಹೊಂದಿಸಿ, ಎಷ್ಟು ಸಾಧ್ಯವೋ ಅಷ್ಟನ್ನು ಮತ್ತೆ ಮೇಲೇರಿಸಿದ್ದಾರೆ. ತಲೆಯೆತ್ತಿ ನೋಡಿದರೆ ಚಿತ್ರ ಇಲ್ಲದ ಖಾಲಿ ಜಾಗಗಳೂ ಕಾಣುತ್ತವೆ.

ಊರ ಚೌಕದಲ್ಲಿ ರೋಮನ್ನರ ಕಾಲದ ಮಿನರ್ವಾ ದೇವಾಲಯ ಇದೆ. ಮುಂದಿನ ಆರು ಕಂಬಗಳು ಹಾಗೇ ನಿಂತಿವೆ, ಒಳಗೆ ಈಗ ಚರ್ಚು. 1786ರಲ್ಲಿ ಜರ್ಮನ್ ಕವಿ ಗಯಟೆ ಅಸಿಸಿಗೆ ಬಂದು, ಬಸಿಲಿಕಾ ಬಿಟ್ಟು ಈ ದೇವಾಲಯ ನೋಡಲು ಹೋದನಂತೆ. ಇವರು ಗಯಟೆಯ ಪರ. ನಾನು ಫ್ರಾನ್ಸಿಸ್ ಪರ.

ಬಸಿಲಿಕಾಗೆ ಪ್ರವೇಶ ಉಚಿತ. ಹೆಗಲು, ಮಂಡಿ ಮುಚ್ಚುವ ಬಟ್ಟೆ ಹಾಕಿ. ಒಳಗೆ ಫೋಟೋ ತೆಗೆಯುವಂತಿಲ್ಲ. ರೈಲ್ವೆ ಸ್ಟೇಷನ್ ಕೆಳಗೆ ಬಯಲಿನಲ್ಲಿದೆ, ಅಲ್ಲಿಂದ ಸಿಟಿ ಬಸ್ ಹಿಡಿಯಿರಿ. ಹತ್ತಿರದ ಸ್ಪೆಲ್ಲೊಗೂ ಒಂದು ಮಧ್ಯಾಹ್ನ ಕೊಡಿ.

ಎಟ್ರುಸ್ಕನ್ನರು ಅಂತ ಹೇಳಿದಿರಿ. ಯಾರವರು?

ರೋಮನ್ನರಿಗಿಂತ ಮುಂಚೆ ಈಗಿನ ಟಸ್ಕನಿ, ಪಶ್ಚಿಮ ಉಂಬ್ರಿಯಾ, ಉತ್ತರ ಲಾಜಿಯೊಗಳಲ್ಲಿ ದೊಡ್ಡ ನಗರಗಳನ್ನು ಕಟ್ಟಿದವರು. ಅವರ ಲಿಪಿ ಗ್ರೀಕರಿಂದ ಬಂದದ್ದು, ಓದಲು ಬರುತ್ತದೆ. ಆದರೆ ಭಾಷೆ ಪೂರ್ತಿ ಅರ್ಥವಾಗಿಲ್ಲ. ಅವರ ಮನೆಗಳು ಹೆಚ್ಚು ಉಳಿದಿಲ್ಲ, ಸಮಾಧಿಗಳು ಉಳಿದಿವೆ. ಓರ್ವಿಯೆಟೊ ಬಂಡೆಯ ಬುಡದಲ್ಲಿ ಕ್ರಿಸ್ತಪೂರ್ವ ಆರನೇ ಶತಮಾನದ ಸಮಾಧಿಗಳು ಬೀದಿ ಬೀದಿಯಾಗಿವೆ, ಒಂದೊಂದು ಬಾಗಿಲ ಮೇಲೂ ಮನೆತನದ ಹೆಸರು ಕೆತ್ತಿದೆ. ತಾರ್ಕ್ವಿನಿಯಾದಲ್ಲಿ ಹುಲ್ಲಿನ ದಿಬ್ಬದ ಮೇಲಿನ ಪುಟ್ಟ ಗೂಡುಗಳಿಂದ ಮೆಟ್ಟಿಲಿಳಿದು, ಬಟನ್ ಒತ್ತಿದರೆ ಗಾಜಿನ ಹಿಂದೆ ದೀಪ ಹತ್ತುತ್ತದೆ. ಕೆಂಪು, ನೀಲಿ, ಹಸಿರು. ಊಟ, ಕುಣಿತ, ಮೀನು ಹಿಡಿಯುವವರು, ಕೊಳಲು ಊದುವವರು. ಸಾವಿನ ಮನೆಯಲ್ಲಿ ಇಷ್ಟು ಸಂತೋಷವನ್ನು ನಾನು ಬೇರೆಲ್ಲೂ ನೋಡಿಲ್ಲ.

ಗಂಡ ಹೆಂಡತಿ ಜೊತೆಯಾಗಿ ಹೋದವರು ಎರಡು ವಸ್ತುಗಳನ್ನು ನೋಡಲೇಬೇಕು. ಒಂದು ರೋಮಿನ ವಿಲ್ಲಾ ಜೂಲಿಯಾ ಮ್ಯೂಸಿಯಂನಲ್ಲಿದೆ. ಚೆರ್ವೆತೆರಿಯಲ್ಲಿ ಸಿಕ್ಕ, ಕ್ರಿಸ್ತಪೂರ್ವ 520ರ ಸುಮಾರಿನ ಸುಟ್ಟ ಮಣ್ಣಿನ ಶವಪೆಟ್ಟಿಗೆ. ಅದರ ಮೇಲೆ ದಂಪತಿ ಔತಣದ ಮಂಚದಲ್ಲಿ ಒರಗಿದ್ದಾರೆ. ಅವನ ತೋಳು ಅವಳ ಹೆಗಲ ಮೇಲಿದೆ. ಇಬ್ಬರ ಮುಖದಲ್ಲೂ ನಗು. ಅದೇ ಕಾಲದ ಗ್ರೀಸಿನಲ್ಲಿ ಮರ್ಯಾದಸ್ಥ ಮನೆಯ ಹೆಂಗಸು ಗಂಡಸರ ಪಂಕ್ತಿಯಲ್ಲಿ ಕೂರುವಂತಿರಲಿಲ್ಲ. ಇಲ್ಲಿ ಇಬ್ಬರಿಗೂ ಸಮಸಮ ಜಾಗ.

ಇನ್ನೊಂದು ವೊಲ್ಟೆರಾದ ಗ್ವಾರ್ನಾಚಿ ಮ್ಯೂಸಿಯಂನಲ್ಲಿದೆ. ಅಲ್ಲಿ ಬೂದಿ ಇಡುವ ಕರಂಡಕಗಳು ಕೋಣೆ ಕೋಣೆ ತುಂಬಿವೆ. ಅವುಗಳ ನಡುವೆ ಒಂದರ ಮೇಲೆ ವಯಸ್ಸಾದ ಗಂಡ ಹೆಂಡತಿ. ಮುಖದ ತುಂಬಾ ಸುಕ್ಕು. ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ. ಶಿಲ್ಪಿ ಯಾವುದನ್ನೂ ಮುಚ್ಚಿಟ್ಟಿಲ್ಲ, ಚಂದ ಮಾಡಲು ಹೋಗಿಲ್ಲ. ಚೆರ್ವೆತೆರಿಯ ಜೋಡಿಗಿಂತ ಇವರೇ ನನಗೆ ಹೆಚ್ಚು ಹತ್ತಿರ.

ವೊಲ್ಟೆರಾಗೆ ಹೋಗುವುದು ಸ್ವಲ್ಪ ಕಷ್ಟ, ರೈಲು ಇಲ್ಲ, ಬಸ್ಸು ಬದಲಿಸಬೇಕು. ಆದರೂ ಹೋಗಿ. ಅಲ್ಲಿನ ರೋಮನ್ ರಂಗಮಂದಿರವನ್ನು 1950ರ ದಶಕದಲ್ಲಿ ಎನ್ರಿಕೊ ಫಿಯುಮಿ ಅನ್ನುವವರು ಅಗೆದು ಹೊರತೆಗೆದರು. ಅಗೆದ ಕೈಗಳು ಊರಿನ ಮಾನಸಿಕ ಆಸ್ಪತ್ರೆಯ ರೋಗಿಗಳದ್ದು. ಮೇಲಿನ ರಸ್ತೆಯಿಂದಲೇ ಇಡೀ ರಂಗಮಂದಿರ ಕಾಣುತ್ತದೆ.

ಪಾಂಪೇ ನೋಡಬೇಕೋ, ಹರ್ಕ್ಯುಲೇನಿಯಂ ನೋಡಬೇಕೋ?

ಸಾಧ್ಯವಾದರೆ ಎರಡೂ, ಬೇರೆ ಬೇರೆ ದಿನ. ಕ್ರಿಸ್ತಶಕ 79ರಲ್ಲಿ ನೇಪಲ್ಸ್ ಹತ್ತಿರದ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಎರಡೂ ಹೂತುಹೋದವು, ಆದರೆ ಹೂತ ಬಗೆ ಬೇರೆ. ಪಾಂಪೇ ಮೇಲೆ ಮೊದಲು ಹಗುರ ಕಲ್ಲು, ಬೂದಿ ಗಂಟೆಗಟ್ಟಲೆ ಸುರಿದು ಚಾವಣಿಗಳು ಕುಸಿದವು. ಹರ್ಕ್ಯುಲೇನಿಯಂ ಮೇಲೆ ಕುದಿಯುವ ಅನಿಲ, ಬೂದಿಯ ಪ್ರವಾಹ ನುಗ್ಗಿ ಸುಮಾರು 20 ಮೀಟರ್ ಆಳಕ್ಕೆ ಮುಚ್ಚಿತು. ಹಾಗಾಗಿ ಅಲ್ಲಿ ಮರ ಸುಟ್ಟು ಇದ್ದಿಲಾಗಿ ಉಳಿದಿದೆ: ತೊಲೆ, ಬಾಗಿಲು, ಮಂಚ, ಮಹಡಿ. ಊರು ಚಿಕ್ಕದು, ಅರ್ಧ ದಿನದಲ್ಲಿ ನಿಧಾನವಾಗಿ ನೋಡಬಹುದು. ಹಳೆಯ ಸಮುದ್ರದ ದಡದಲ್ಲಿ ದೋಣಿ ಇಡುತ್ತಿದ್ದ ಕಮಾನುಗಳಿವೆ. ತಪ್ಪಿಸಿಕೊಳ್ಳಲು ಬಂದು ಅಲ್ಲಿ ಕೂತಿದ್ದ ಸುಮಾರು 300 ಜನರ ಅಸ್ಥಿಪಂಜರಗಳು 1980ರ ದಶಕದಿಂದೀಚೆಗೆ ಸಿಕ್ಕವು. ಅಲ್ಲಿಗೆ ಬಂದರೆ ಯಾರೂ ಜೋರಾಗಿ ಮಾತಾಡುವುದಿಲ್ಲ.

ಪಾಂಪೇ ದೊಡ್ಡದು. ಕೋಟೆಯೊಳಗೆ ಸುಮಾರು 66 ಹೆಕ್ಟೇರ್, ಅದರಲ್ಲಿ ಮೂರನೇ ಒಂದು ಭಾಗ ಇನ್ನೂ ಅಗೆದಿಲ್ಲ. ಎಲ್ಲವನ್ನೂ ನೋಡಲು ಹೋಗಬೇಡಿ. ನಾಲ್ಕೈದು ಮನೆ, ಒಂದು ಸ್ನಾನಗೃಹ, ಒಂದು ಬೇಕರಿ ಸಾಕು. ಮೊಡೆಸ್ಟಸ್ ಅನ್ನುವವನ ಬೇಕರಿಯ ಒಲೆಯಲ್ಲಿ 81 ಬ್ರೆಡ್ಡುಗಳು ಇದ್ದಿಲಾಗಿ ಸಿಕ್ಕವು. ಬೀದಿಗಳಲ್ಲಿ ಗಾಡಿಚಕ್ರ ಸವೆಸಿದ ಗೀರುಗಳಿವೆ. ಒಂದು ಬದಿಯಿಂದ ಇನ್ನೊಂದಕ್ಕೆ ಹೋಗಲು ಎತ್ತರದ ಕಲ್ಲುಗಳನ್ನಿಟ್ಟಿದ್ದಾರೆ, ನಡುವೆ ಗಾಡಿಚಕ್ರ ಹೋಗುವಷ್ಟು ಜಾಗ. ಮಳೆನೀರು, ಕೊಳಚೆ ಎಲ್ಲ ಬೀದಿಯಲ್ಲೇ ಹರಿಯುತ್ತಿದ್ದ ಕಾಲದ ಉಪಾಯ ಅದು. ಇವರು ಒಂದು ಬೆಳಿಗ್ಗೆ ಪೂರ್ತಿ ಬೀದಿಯ ಇಳಿಜಾರು ನೋಡುವುದರಲ್ಲೇ ಕಳೆದರು. ಅವರ ಜೊತೆ ನಡೆದ ಮೇಲೆ ನನಗೂ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತಿತ್ತು ಅನ್ನುವುದು ಕಾಣತೊಡಗಿತು.

ದಿನಕ್ಕೆ 20,000 ಜನರನ್ನು ಮಾತ್ರ ಬಿಡುತ್ತಾರೆ, ಟಿಕೆಟಿನಲ್ಲಿ ಹೆಸರು ಇರಬೇಕು. ಮುಂಚೆಯೇ ಆನ್‌ಲೈನ್ ತೆಗೆದುಕೊಂಡು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ. ನೆರಳು ಕಡಿಮೆ. ಒಳಗೆ ಕುಡಿಯುವ ನೀರಿನ ನಲ್ಲಿಗಳಿವೆ, ಬಾಟಲಿ ಒಯ್ಯಿರಿ.

ಪಾಂಪೇಯಲ್ಲಿ ಲಕ್ಷ್ಮಿಯ ವಿಗ್ರಹ ಸಿಕ್ಕಿದ್ದು ನಿಜವೇ?

ನಿಜ. 1938ರಲ್ಲಿ ಪುರಾತತ್ವಜ್ಞ ಅಮೆದೆಯೊ ಮೈಯೂರಿ ಅಲ್ಲಿ ಅಗೆಯುವಾಗ ಸುಮಾರು 25 ಸೆಂಟಿಮೀಟರ್ ಎತ್ತರದ ದಂತದ ಹೆಣ್ಣು ಗೊಂಬೆ ಸಿಕ್ಕಿತು. ಮೈತುಂಬ ಒಡವೆ, ಎರಡು ಪಕ್ಕದಲ್ಲೂ ಸಖಿಯರು. ಆಗ ಲಕ್ಷ್ಮಿ ಅಂದರು. ಈಗ ಹೆಚ್ಚಿನ ವಿದ್ವಾಂಸರು ಯಕ್ಷಿ ಅನ್ನುತ್ತಾರೆ. ಮಹಾರಾಷ್ಟ್ರದ ಭೋಕರ್ದನ್, ತೇರ್‌ಗಳಲ್ಲಿ ಇದೇ ಬಗೆಯ ಗೊಂಬೆಗಳು ಸಿಕ್ಕಿವೆ. ಇದು ಈಗ ಪಾಂಪೇಯಲ್ಲಿಲ್ಲ, ನೇಪಲ್ಸಿನ ಪುರಾತತ್ವ ಮ್ಯೂಸಿಯಂನಲ್ಲಿದೆ. ಅಲ್ಲಿ "ರಹಸ್ಯ ಕೋಣೆ" ಅಂತ ಕರೆಯುವ ಭಾಗಕ್ಕೆ ಹೋಗಿ ನೋಡಬೇಕು.

ಅತ್ತಲಿಂದಲೂ ವಸ್ತುಗಳು ಇತ್ತ ಬಂದಿವೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಕಾಲದವು. ಪಾಂಪೇ ಹೂತುಹೋಗುವ ಮುಂಚಿನ ನಾಣ್ಯಗಳು! ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಹರಿದುಹೋಗುತ್ತಿದೆ ಅಂತ ಗೊಣಗಿದ ರೋಮನ್ ಲೇಖಕ ಹಿರಿಯ ಪ್ಲಿನಿ ಸತ್ತಿದ್ದು ಅದೇ ವೆಸೂವಿಯಸ್ ಸ್ಫೋಟದಲ್ಲಿ. ಆ ಪುಟ್ಟ ಗೊಂಬೆಯ ಮುಂದೆ ನಿಂತಾಗ ಇದೆಲ್ಲ ನೆನಪಿರಲಿ. ಮಾನ್ಸೂನ್ ಗಾಳಿ ನಂಬಿಕೊಂಡು ಎಷ್ಟು ಜನ ಎಷ್ಟು ದೂರ ಓಡಾಡಿದ್ದಾರೆ ನೋಡಿ.

ಜನಜಂಗುಳಿ ಇಲ್ಲದ ಪಾಳು ನಗರ ಯಾವುದಿದೆ?

ರೋಮಿನ ಪಕ್ಕದ ಒಸ್ತಿಯಾ ಆಂತಿಕಾ. ಪಿರಮಿಡೆ ಮೆಟ್ರೊ ಹತ್ತಿರದ ಪೋರ್ತಾ ಸಾನ್ ಪಾವೊಲೊ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ಟೈಬರ್ ನದಿ ಸಮುದ್ರ ಸೇರುವ ಜಾಗದಲ್ಲಿದ್ದ ಬಂದರು ನಗರ ಇದು. ನದಿ ತಂದ ಹೂಳಿನಿಂದ ಸಮುದ್ರ ಈಗ ಸುಮಾರು 3 ಕಿಲೋಮೀಟರ್ ದೂರ ಸರಿದಿದೆ. ಪೈನ್ ಮರಗಳ ನೆರಳಿದೆ. ಬಾಡಿಗೆ ಮಹಡಿ ಮನೆಗಳು, ಪಾನೀಯದ ಅಂಗಡಿ, ಸಾಲಾಗಿ ಕೂರುವ ಸಾರ್ವಜನಿಕ ಶೌಚಾಲಯ ಎಲ್ಲ ಇವೆ. ವ್ಯಾಪಾರಿಗಳ ಚೌಕದಲ್ಲಿ ಪ್ರತಿ ಕಚೇರಿಯ ಮುಂದೆಯೂ ನೆಲದ ಮೇಲೆ ಮೊಸಾಯಿಕ್ ಚಿತ್ರ: ಹಡಗು, ಧಾನ್ಯದ ಅಳತೆ, ಆಫ್ರಿಕಾದ ಸಾಬ್ರತಾದವರ ಮುಂದೆ ಆನೆ.

ಇನ್ನೊಂದು ಆಗಲೇ ಹೇಳಿದ ಪೇಸ್ಟುಮ್. ನೇಪಲ್ಸಿನಿಂದ ರೈಲಿದೆ. ಕ್ರಿಸ್ತಪೂರ್ವ 550ರಿಂದ 450ರ ಒಳಗೆ ಕಟ್ಟಿದ ಮೂರು ಗ್ರೀಕ್ ದೇವಾಲಯಗಳು ಹುಲ್ಲಿನ ಬಯಲಿನಲ್ಲಿ ನಿಂತಿವೆ. ಮ್ಯೂಸಿಯಂನಲ್ಲಿ 1968ರಲ್ಲಿ ಸಿಕ್ಕ ಸಮಾಧಿಯ ಚಪ್ಪಡಿ ಇದೆ, ಅದರ ಮೇಲೆ ನೀರಿಗೆ ಧುಮುಕುತ್ತಿರುವ ಹುಡುಗ. ಸುತ್ತಲೂ ಎಮ್ಮೆ ಸಾಕುವವರು, ಅದೇ ಹಾಲಿನ ತಾಜಾ ಮೊಝರೆಲ್ಲಾ ಸಿಗುತ್ತದೆ. ಟೊಮೇಟೊ ಜೊತೆ ತಿನ್ನಿ.

ಮಂಡಿನೋವು ಇದ್ದವರು ಬೆಟ್ಟದೂರಿಗೆ ಹೋಗಬಹುದೇ?

ಊರು ನೋಡಿ ಆರಿಸಿಕೊಂಡರೆ ಹೋಗಬಹುದು. ಓರ್ವಿಯೆಟೊ ಮೇಲೆ ತಲುಪಿದ ಮೇಲೆ ಹೆಚ್ಚುಕಡಿಮೆ ಸಮತಟ್ಟು. ಪೆರೂಜಾದಲ್ಲಿ ಕೆಳಗಿನ ಬಸ್ ನಿಲ್ದಾಣದಿಂದ ಎಸ್ಕಲೇಟರುಗಳಿವೆ. ಅವು ಹೋಗುವ ದಾರಿಯೇ ನೋಡುವಂಥದ್ದು. 1540ರಲ್ಲಿ ಉಪ್ಪಿನ ತೆರಿಗೆ ವಿಷಯಕ್ಕೆ ದಂಗೆಯೆದ್ದ ಊರನ್ನು ಬಗ್ಗುಬಡಿದ ಪೋಪ್ ಮೂರನೇ ಪಾಲ್, ವಿರೋಧಿ ಬಾಲ್ಯೊನಿ ಮನೆತನದ ಬೀದಿಗಳ ಮೇಲೆಯೇ ಕೋಟೆ ಕಟ್ಟಿಸಿದ. ಹೂತುಹೋದ ಆ ಬೀದಿ, ಮನೆಗಳ ನಡುವೆಯೇ ಈಗ ಎಸ್ಕಲೇಟರ್ ಮೇಲೇರುತ್ತದೆ. ಸಿಯೆನಾದಲ್ಲಿಯೂ ಸ್ಟೇಷನ್ನಿನಿಂದ ಎಸ್ಕಲೇಟರ್ ಸಾಲೇ ಇದೆ. ಚಿವಿತಾ ಕಷ್ಟ. ಮಟೆರಾದ ಹಳೆಯ ಗುಹೆಮನೆಗಳ ಭಾಗ ಇನ್ನೂ ಕಷ್ಟ, ಎಲ್ಲಿ ನೋಡಿದರೂ ಮೆಟ್ಟಿಲು.

ಗಾಲಿ ಪೆಟ್ಟಿಗೆ ಕಲ್ಲುಹಾಸಿನ ಮೇಲೆ ಹಿಂಸೆ. ಒಬ್ಬೊಬ್ಬರಿಗೆ ಒಂದೊಂದು ಸಣ್ಣ ಬೆನ್ನಿನ ಚೀಲ ಸಾಕು. ಅಡಿ ಜಾರದ, ಆಗಲೇ ಹಾಕಿ ಪಳಗಿದ ಶೂ ಇರಲಿ.

ಕಾರು ಬಾಡಿಗೆಗೆ ತೆಗೆದುಕೊಳ್ಳಬೇಕೇ?

ನಾವು ರೈಲು, ಬಸ್ಸು ನಂಬಿದವರು. ಓರ್ವಿಯೆಟೊ, ಪೆರೂಜಾ, ಅಸಿಸಿ, ಸ್ಪೆಲ್ಲೊ, ಸಿಯೆನಾ, ಪೇಸ್ಟುಮ್ ಎಲ್ಲಕ್ಕೂ ಕಾರು ಬೇಡ. ಪಿಯೆಂಜಾ, ಮಾಂಟೆಪುಲ್ಚಾನೊ ಕಡೆಯ ದಿಣ್ಣೆಗಳ ನಡುವೆ ಹಳ್ಳಿ ಹಳ್ಳಿ ಸುತ್ತಬೇಕು ಅಂದರೆ ಕಾರು ಅನುಕೂಲ. ಆಗ ನಮ್ಮ ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ. ಅಲ್ಲಿ ಓಡಿಸುವುದು ರಸ್ತೆಯ ಬಲಗಡೆ. ಹಳೆಯ ಊರುಗಳ ಬಾಗಿಲಲ್ಲಿ ಕೆಂಪು ವೃತ್ತದ, ಜೆಡ್‌ಟಿಎಲ್ ಅಂತ ಬರೆದ ಫಲಕ ಕಂಡರೆ ಒಳಗೆ ಹೋಗಬೇಡಿ. ಕ್ಯಾಮೆರಾ ಇರುತ್ತದೆ. ದಂಡದ ಕಾಗದ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ.

ಲೋಕಲ್ ರೈಲಿನ ಕಾಗದದ ಟಿಕೆಟ್ಟಿಗೆ ಹತ್ತುವ ಮುಂಚೆ ಪ್ಲಾಟ್‌ಫಾರಂ ಮೇಲಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಮರೆತರೆ ದಂಡ.

ಸಸ್ಯಾಹಾರಿಗಳಿಗೆ ಊಟಕ್ಕೆ ತೊಂದರೆಯೇ?

ಇಲ್ಲವೇ ಇಲ್ಲ. ನಾವಿಬ್ಬರೂ ಸಸ್ಯಾಹಾರಿಗಳು. ದಕ್ಷಿಣ ಟಸ್ಕನಿಯಲ್ಲಿ ಪೀಚಿ ಅನ್ನುವ ದಪ್ಪ ಶಾವಿಗೆ ಸಿಗುತ್ತದೆ. ಹಿಟ್ಟು, ನೀರು ಅಷ್ಟೇ, ಸಾಮಾನ್ಯವಾಗಿ ಮೊಟ್ಟೆ ಇಲ್ಲ. ಬೆಳ್ಳುಳ್ಳಿ ಟೊಮೇಟೊ ಸಾಸಿನ ಜೊತೆ ಕೇಳಿ. ಉಂಬ್ರಿಯಾದಲ್ಲಿ ಕಾದ ಕಲ್ಲಿನ ಮೇಲೆ ಸುಟ್ಟ ದಪ್ಪ ರೊಟ್ಟಿಯ ನಡುವೆ ಸೊಪ್ಪು, ಚೀಸ್ ಇಟ್ಟು ಕೊಡುತ್ತಾರೆ. ಕಾಸ್ತೆಲ್ಲೂಚೊದ ಪುಟ್ಟ ಲೆಂಟಿಲ್ ಬೇಳೆ ತುಂಬಾ ರುಚಿ. ದಕ್ಷಿಣಕ್ಕೆ ಹೋದರೆ ಅವರೆಯ ಜಾತಿಯ ಕಾಳನ್ನು ಬೇಯಿಸಿ ನುಣ್ಣಗೆ ಮಾಡಿ, ಕಹಿ ಸೊಪ್ಪಿನ ಪಲ್ಯದ ಜೊತೆ ಬಡಿಸುತ್ತಾರೆ. ಪಿಜ್ಜಾ ಮರಿನಾರಾದಲ್ಲಿ ಚೀಸ್ ಕೂಡ ಇರುವುದಿಲ್ಲ.

ಎಚ್ಚರ ಬೇಕಾದ್ದು ಎರಡು ಕಡೆ. ತರಕಾರಿ ಸೂಪಿಗೂ ಕೆಲವು ಕಡೆ ಮಾಂಸದ ಸಾರು ಹಾಕುತ್ತಾರೆ, ಕೇಳಿಯೇ ತರಿಸಿ. ಪಾರ್ಮೆಸನ್, ಪೆಕೊರಿನೊ ಚೀಸನ್ನು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಬೇಡದವರು ಚೀಸ್ ಇಲ್ಲದ್ದನ್ನೇ ಹೇಳಿ. "ಸೆಂಜಾ ಕಾರ್ನೆ, ಸೆಂಜಾ ಪೆಶೆ" ಅಂದರೆ ಮಾಂಸ, ಮೀನು ಬೇಡ ಅಂತ ಗೊತ್ತಾಗುತ್ತದೆ. ಟಸ್ಕನಿ, ಉಂಬ್ರಿಯಾಗಳ ಬ್ರೆಡ್ಡಿಗೆ ಉಪ್ಪು ಹಾಕುವುದಿಲ್ಲ. ಮೊದಲ ದಿನ ಸಪ್ಪೆ ಅನ್ನಿಸುತ್ತದೆ, ಒಳ್ಳೆಯ ಎಣ್ಣೆ ಹಾಕಿಕೊಂಡರೆ ಸರಿಹೋಗುತ್ತದೆ.

ಬಿಲ್ಲಿನಲ್ಲಿ ಕೊಪೆರ್ತೊ ಅಂತ ಒಬ್ಬೊಬ್ಬರಿಗೆ ಒಂದೆರಡು ಯೂರೊ ಇರುತ್ತದೆ. ಅದು ಕೂತದ್ದಕ್ಕೆ, ಬ್ರೆಡ್ಡಿಗೆ. ಮೋಸವಲ್ಲ.

ಯಾವ ತಿಂಗಳು ಒಳ್ಳೆಯದು?

ಏಪ್ರಿಲ್ ಕೊನೆಯಿಂದ ಜೂನ್ ಮೊದಲವರೆಗೆ, ಇಲ್ಲವೇ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಕೊನೆವರೆಗೆ. ಆಗಸ್ಟ್ ಬೇಡ. ಪಾಳು ನಗರಗಳಲ್ಲಿ ಬಿಸಿಲು ತಡೆಯಲಾಗುವುದಿಲ್ಲ. ಆಗಸ್ಟ್ 15ರ ಹಬ್ಬದ ಸುತ್ತಮುತ್ತ ಎಷ್ಟೋ ಅಂಗಡಿಗಳು ಮುಚ್ಚಿರುತ್ತವೆ. ಸಿಯೆನಾದ ಕುದುರೆ ಓಟ ಜುಲೈ 2 ಮತ್ತು ಆಗಸ್ಟ್ 16ಕ್ಕೆ. ನೋಡಲೇಬೇಕು ಅನ್ನುವವರು ಕೋಣೆಯನ್ನು ತುಂಬಾ ಮುಂಚೆ ಕಾದಿರಿಸಿ.

ಇಬ್ಬರಿಗೂ ಬೇರೆ ಬೇರೆ ಆಸಕ್ತಿ ಇದ್ದರೆ ಜಗಳ ಆಗುವುದಿಲ್ಲವೇ?

ಬೆಳಿಗ್ಗೆ ಅವರದ್ದು, ಸಂಜೆ ನನ್ನದು. ಇದು ನಾವು ಮಾಡಿಕೊಂಡ ಏರ್ಪಾಡು. ತಂಪಿರುವಾಗಲೇ ಪಾಳು ನಗರ, ಮ್ಯೂಸಿಯಂ. ಮಧ್ಯಾಹ್ನ ಅಂಗಡಿ, ಚರ್ಚು ಎಲ್ಲ ಮುಚ್ಚುತ್ತವೆ, ನಾವೂ ಕೋಣೆಗೆ ಹೋಗಿ ಮಲಗುತ್ತೇವೆ. ನಾಲ್ಕರ ಮೇಲೆ ಊರು ಸುತ್ತುವುದು. ಕೆಲವೊಮ್ಮೆ ಅವರು ಒಂದು ಗೋಡೆಯ ಮುಂದೆ, ನಾನು ಒಂದು ಸಂತೆಯಲ್ಲಿ, ಊಟಕ್ಕೆ ಸೇರುತ್ತೇವೆ. ಮೂವತ್ತು ವರ್ಷ ಆಫೀಸು, ಮಕ್ಕಳ ಸ್ಕೂಲು, ಮನೆಸಾಲ ಅಂತ ಓಡಿದ ನಮಗೆ ಒಬ್ಬರು ನೋಡಿದ್ದನ್ನು ಇನ್ನೊಬ್ಬರು ಕೂತು ಕೇಳುವಷ್ಟು ಪುರುಸೊತ್ತು ಸಿಕ್ಕಿದ್ದು ಇಲ್ಲೇ.

ವೀಸಾ ವಿಷಯ?

ಷೆಂಗೆನ್ ವೀಸಾ ಬೇಕು. ಅರ್ಜಿಯನ್ನು ಬೆಂಗಳೂರಿನಲ್ಲೇ ಕೊಡಬಹುದು. ವಯಸ್ಕರ ಶುಲ್ಕ 2024ರ ಜೂನ್‌ನಿಂದ 90 ಯೂರೊ, ಸೇವಾ ಕೇಂದ್ರದ್ದು ಬೇರೆ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಯಾವುದೇ 180 ದಿನಗಳಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಬೇಸಿಗೆಯ ಮುಂಚೆ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ, ಬೇಗ ಶುರು ಮಾಡಿ.

ಖರ್ಚು ಹೇಗೆ ಕಡಿಮೆ ಮಾಡಬಹುದು?

ಊರಿಂದೂರಿಗೆ ಓಡಾಡುವುದನ್ನು ಕಡಿಮೆ ಮಾಡಿದರೆ ಖರ್ಚು ತಾನಾಗಿ ಇಳಿಯುತ್ತದೆ. ಒಂದೇ ಕಡೆ ಹೆಚ್ಚು ರಾತ್ರಿ ಇದ್ದರೆ ಕೋಣೆಯವರು ದರ ಇಳಿಸುವುದುಂಟು. ಅಸಿಸಿಯಲ್ಲಿ ಸನ್ಯಾಸಿನಿಯರು ನಡೆಸುವ ಅತಿಥಿಗೃಹಗಳಿವೆ, ಚೊಕ್ಕಟ, ಕಡಿಮೆ ದರ. ಆದರೆ ರಾತ್ರಿ ಇಷ್ಟು ಹೊತ್ತಿಗೆ ಬಾಗಿಲು ಹಾಕುತ್ತೇವೆ ಅನ್ನುತ್ತಾರೆ. ಕಾಫಿಯನ್ನು ಕೌಂಟರಿನಲ್ಲಿ ನಿಂತು ಕುಡಿಯಿರಿ, ಮೇಜಿಗೆ ತರಿಸಿದರೆ ಎಷ್ಟೋ ಕಡೆ ಜಾಸ್ತಿ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂ, ಪಾಳು ನಗರಗಳಿಗೆ ಪ್ರವೇಶ ಉಚಿತ. ಆ ದಿನ ಪಾಂಪೇ ಕಡೆ ಮಾತ್ರ ಹೋಗಬೇಡಿ, ಜನ ಜಾಸ್ತಿ.

ಸೋಮವಾರ, ಮುಷ್ಕರದ ದಿನ ಏನು ಮಾಡಬೇಕು?

ಒಸ್ತಿಯಾ, ವಿಲ್ಲಾ ಜೂಲಿಯಾ ಸೇರಿದಂತೆ ತುಂಬಾ ಜಾಗಗಳಿಗೆ ಸೋಮವಾರ ರಜೆ. ಆ ದಿನವನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಿ. ರೈಲು ಮುಷ್ಕರ ಅಲ್ಲಿ ಆಗಾಗ ಇರುತ್ತದೆ, ಆದರೆ ಮುಂಚೆಯೇ ತಿಳಿಸುತ್ತಾರೆ. ಸ್ಟೇಷನ್ನಿನಲ್ಲಿ "ಶೋಪೆರೊ" ಅನ್ನುವ ನೋಟಿಸು ಕಂಡರೆ ದಿನಾಂಕ ನೋಡಿಕೊಳ್ಳಿ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9ರವರೆಗೆ ಕೆಲವು ಲೋಕಲ್ ರೈಲುಗಳನ್ನು ಓಡಿಸಲೇಬೇಕು ಅಂತ ನಿಯಮ ಇದೆ. ವಿಮಾನ ಹಿಡಿಯುವ ದಿನವಾದರೆ ಹಿಂದಿನ ರಾತ್ರಿಯೇ ರೋಮಿಗೆ ಬಂದುಬಿಡಿ. ಬೇರೆ ದಿನವಾದರೆ ಇದ್ದ ಊರಿನಲ್ಲೇ ಇನ್ನೊಂದು ರಾತ್ರಿ ಇರಿ.